ಆನೆಯಿರವಿನ ಆಚೆ ಈಚೆ: ಉತ್ತರ ಶ್ರೀಲಂಕಾದಲ್ಲಿ ಒಂದು ವಾರ

ಭಾನುವಾರ, ಕೊಲಂಬೊ–ಜಾಫ್ನಾ

ಕೊಲಂಬೊದಿಂದ ಜಾಫ್ನಾಗೆ ಹೋಗುವ ಯಾಳ್ ದೇವಿ ರೈಲು 1990ರಲ್ಲಿ ವವುನಿಯಾದಲ್ಲೇ ನಿಂತುಹೋಗಿತ್ತು. ಅಲ್ಲಿಂದ ಮುಂದೆ ಹಳಿಯೇ ಉಳಿಯಲಿಲ್ಲ. ಹಳಿ, ಸ್ಲೀಪರ್ ಎಲ್ಲಾ ಕಿತ್ತು ಬಂಕರ್ ಕಟ್ಟೋಕೆ ಹಾಕಿಕೊಂಡರು. ಯುದ್ಧ ಮುಗಿದ ಮೇಲೆ ಭಾರತ ಕೊಟ್ಟ ಸಾಲದಲ್ಲಿ ಇರ್ಕಾನ್ ಕಂಪನಿ ಹೊಸ ಹಳಿ ಹಾಕಿತು. 2014ರ ಅಕ್ಟೋಬರ್‌ನಲ್ಲಿ ರೈಲು ಮತ್ತೆ ಜಾಫ್ನಾ ಮುಟ್ಟಿತು. ನಡುವೆ 24 ವರ್ಷ.

ವವುನಿಯಾ ದಾಟಿದ ಮೇಲೆ ಬೋಗಿಯಲ್ಲಿ ಮಾತು ಕಡಿಮೆಯಾಯಿತು. ಒಮಂದೈ, ಪುಳಿಯಂಕುಳಂ, ಮಾಂಕುಳಂ. ಇವೆಲ್ಲ ಒಂದು ಕಾಲದಲ್ಲಿ ಯುದ್ಧದ ಸುದ್ದಿಯಲ್ಲಿ ದಿನಾ ಕೇಳುತ್ತಿದ್ದ ಹೆಸರುಗಳು, ಈಗ ಬೋರ್ಡಿಗೆ ಬಣ್ಣ ಬಳಿದ ಸಣ್ಣ ಸ್ಟೇಷನ್‌ಗಳು. ನನ್ನ ಪಕ್ಕ ಕೂತಿದ್ದ ಅಮ್ಮ ಕೊಲಂಬೊದಲ್ಲಿರುವ ಮಗಳ ಮನೆಯಿಂದ ವಾಪಸ್ ಹೋಗುತ್ತಿದ್ದರು. ನನ್ನ ಅರ್ಧಂಬರ್ಧ ತಮಿಳು ಕೇಳಿ, ಯಾವ ಊರು ತಂಬಿ ಅಂದರು. ಹೇಳಿದೆ. ಯುದ್ಧ ನಡೆದ ಜಾಗ ನೋಡೋಕೆ ಬಂದಿದ್ದೀಯಾ ಅಂತ ಕೇಳಿದರು. ಇಲ್ಲಮ್ಮ, ಆಮೇಲೆ ಏನಾಯ್ತು ಅಂತ ನೋಡೋಕೆ ಬಂದೆ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದ್ರೆ ಗಂಡಸರ ಹತ್ತಿರ ಜಾಸ್ತಿ ಕೇಳಬೇಡ, ಹೆಂಗಸರನ್ನು ಕೇಳು ಅಂದರು. ಇಡೀ ವಾರ ನನಗೆ ದಾರಿ ತೋರಿಸಿದ್ದು ಈ ಮಾತೇ.

ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು. ಸರ್ಕಾರಿ ಸೇನೆ ಮತ್ತು ತಮಿಳರಿಗೆ ಪ್ರತ್ಯೇಕ ದೇಶ ಬೇಕು ಅಂತ ಹೋರಾಡಿದ ಎಲ್‌ಟಿಟಿಇ ನಡುವಿನ ಅಂತರ್ಯುದ್ಧ 1983ರಿಂದ 2009ರ ಮೇ ತಿಂಗಳವರೆಗೆ ನಡೆಯಿತು. ಕೊನೆಯ ಕೆಲವು ತಿಂಗಳಲ್ಲಿ ಸತ್ತ ಸಾಮಾನ್ಯ ಜನರ ಸಂಖ್ಯೆಯೇ 40,000ದವರೆಗೂ ಇರಬಹುದು ಅಂತ ವಿಶ್ವಸಂಸ್ಥೆಯ ತಜ್ಞರ ಸಮಿತಿ ಹೇಳಿದೆ. ಬದುಕಿ ಉಳಿದ ಸುಮಾರು 3 ಲಕ್ಷ ಜನರನ್ನು ಮುಳ್ಳುತಂತಿ ಹಾಕಿದ ಶಿಬಿರಗಳಲ್ಲಿ ಇಟ್ಟರು. ಅದರಲ್ಲಿ ದೊಡ್ಡದು ವವುನಿಯಾ ಹತ್ತಿರದ ಮೆನಿಕ್ ಫಾರ್ಮ್. ಅದು ಪೂರ್ತಿ ಖಾಲಿಯಾಗಿದ್ದು 2012ರ ಸೆಪ್ಟೆಂಬರ್‌ನಲ್ಲಿ. ಅಲ್ಲಿಂದ ಹೊರಬಂದ ಜನರ ಕೈಯಲ್ಲಿ ತಗಡು, ಟಾರ್ಪಾಲಿನ್, ಒಂದಿಷ್ಟು ಪಾತ್ರೆ. ಅಷ್ಟೇ ಇಟ್ಟುಕೊಂಡು ಶುರುಮಾಡಿದ ಬದುಕು ಈಗ ಹೇಗಿದೆ ಅನ್ನೋದೇ ನನ್ನ ಪ್ರಶ್ನೆ.

ಸೋಮವಾರ, ಜಾಫ್ನಾ

ಬೆಳಿಗ್ಗೆ ಮೊದಲು ಹೋಗಿದ್ದು ಸಾರ್ವಜನಿಕ ಗ್ರಂಥಾಲಯಕ್ಕೆ. ಬೆಳ್ಳಗಿನ ಕಟ್ಟಡ, ಮುಂದೆ ಸರಸ್ವತಿ ವಿಗ್ರಹ. 1981ರ ಮೇ 31ರ ರಾತ್ರಿ ಇದಕ್ಕೆ ಬೆಂಕಿ ಇಟ್ಟರು. ಸುಮಾರು 97,000 ಪುಸ್ತಕ ಮತ್ತು ಓಲೆಗರಿಗಳು ಸುಟ್ಟುಹೋದವು. ಯುದ್ಧ ಶುರುವಾಗೋಕೆ ಇನ್ನೂ ಎರಡು ವರ್ಷ ಇತ್ತು ಅನ್ನೋದು ಗಮನಿಸಿ. 2003ರಲ್ಲಿ ಮತ್ತೆ ತೆರೆದರು. ಓದುವ ಕೋಣೆಯಲ್ಲಿ ಪರೀಕ್ಷೆಗೆ ಓದುವ ಹುಡುಗಿಯರು ತುಂಬಿದ್ದರು, ಫ್ಯಾನ್ ಕೆಳಗಿನ ಕುರ್ಚಿಗೆ ಪೈಪೋಟಿ. ನನಗೆ ಅದೇ ತುಂಬಾ ಇಷ್ಟವಾಯಿತು. ಸುಟ್ಟಿದ್ದನ್ನು ಹಾಗೇ ಸ್ಮಾರಕ ಮಾಡಿ ಇಡಬೇಕಿತ್ತು ಅನ್ನುವವರೂ ಇದ್ದಾರಂತೆ. ಆದರೆ ಆ ಹುಡುಗಿಯರನ್ನು ನೋಡಿದ ಮೇಲೆ ಕಟ್ಟಿದ್ದೇ ಸರಿ ಅನ್ನಿಸಿತು.

ಅಲ್ಲಿಂದ ಮೂರ್ ಸ್ಟ್ರೀಟ್ ಕಡೆ ನಡೆದೆ. ಇದು ಮುಸ್ಲಿಮರ ಬೀದಿ. 1990ರ ಅಕ್ಟೋಬರ್‌ನಲ್ಲಿ ಎಲ್‌ಟಿಟಿಇ ಉತ್ತರ ಪ್ರಾಂತ್ಯದ ಮುಸ್ಲಿಮರನ್ನೆಲ್ಲ ಓಡಿಸಿತು. 70,000ಕ್ಕೂ ಹೆಚ್ಚು ಜನ. ಜಾಫ್ನಾದವರಿಗೆ ಕೊಟ್ಟಿದ್ದು ಎರಡು ಗಂಟೆ ಸಮಯ. ಜಾಸ್ತಿ ಜನ ಪಶ್ಚಿಮ ಕರಾವಳಿಯ ಪುತ್ತಳಂ ಕಡೆ ಹೋಗಿ ಅಲ್ಲೇ ದಶಕಗಟ್ಟಲೆ ಉಳಿದರು. ಈಗ ಕೆಲವು ಮನೆಗಳಿಗೆ ಬಣ್ಣ ಬಂದಿದೆ. ಕೆಲವಕ್ಕೆ ಚಾವಣಿಯೇ ಇಲ್ಲ, ಒಳಗೆ ಮರ ಬೆಳೆದಿದೆ.

ಒಂದು ಟೈಲರ್ ಅಂಗಡಿಯಲ್ಲಿ ಕೂತು ಮಾತಾಡಿದೆ. ಅಂಗಡಿಯ ಐಯಾ ಹೇಳಿದರು: "ನಾವು ಹೋಗುವಾಗ ನನಗೆ ಹದಿನೆಂಟು. ವಾಪಸ್ ಬಂದಾಗ ಪಕ್ಕದ ಬೀದಿಯ ತಮಿಳರು ಊಟ ತಂದುಕೊಟ್ಟರು, ಅತ್ತರು. ಆದರೆ ಯಾರಿಗೆ ಮನೆ ಕೊಡೋದು ಅಂತ ಪಟ್ಟಿ ಮಾಡುವಾಗ, ನೀವು ಪುತ್ತಳಂನವರಲ್ವಾ ಅಂದರು ಆಫೀಸಿನವರು." ಮಕ್ಕಳು ಪುತ್ತಳಂನಲ್ಲೇ ಹುಟ್ಟಿದವರು, ಅಲ್ಲೇ ಶಾಲೆ, ಅಲ್ಲೇ ಗೆಳೆಯರು. ಅವರಿಗೆ ಜಾಫ್ನಾ ಅಪ್ಪನ ಊರು ಅಷ್ಟೇ. ಇವರು ಮಾತ್ರ ತಿಂಗಳಲ್ಲಿ ಮೂರು ವಾರ ಇಲ್ಲಿ, ಒಂದು ವಾರ ಅಲ್ಲಿ. ಎರಡು ಕಡೆ ಸಂಸಾರ ತೂಗಿಸೋದು ಎಷ್ಟು ಕಷ್ಟ ಅಂತ ಬಿಡಿಸಿ ಹೇಳಿದರು. ತಮಿಳರಿಗೆ ಆದ ಅನ್ಯಾಯದ ಬಗ್ಗೆ ಬರೆಯುವವರು ತಮಿಳರ ಹೆಸರಿನಲ್ಲಿ ಆದ ಈ ಅನ್ಯಾಯವನ್ನು ಬಿಟ್ಟುಬಿಟ್ಟರೆ ಆ ಬರಹಕ್ಕೆ ಬೆಲೆ ಇಲ್ಲ ಅಂತ ನನ್ನ ಅಭಿಪ್ರಾಯ.

ಮಧ್ಯಾಹ್ನದ ಮೇಲೆ ಊರಾಚೆ ತಾಳೆ ಮರದ ಕಸುಬಿನವರನ್ನು ನೋಡಿ ಬಂದೆ. ಎಣ್ಣೆ ತಾಳೆ ಅಲ್ಲ, ಬೇಸಿಗೆಯಲ್ಲಿ ತಾಟಿನುಂಗು ತಿಂತೀವಲ್ಲ, ಆ ಮರ. ಜಾಫ್ನಾದ ಗುರುತೇ ಅದು. ಯುದ್ಧದಲ್ಲಿ ಬಂಕರ್‌ಗಳಿಗೆ ಲೆಕ್ಕವಿಲ್ಲದಷ್ಟು ಮರ ಕಡಿದರು, ಶೆಲ್ ಬಿದ್ದು ತಲೆ ಹಾರಿದವು ಇನ್ನೆಷ್ಟೋ. ಈ ಮರ ಫಲಕ್ಕೆ ಬರೋಕೆ ಹದಿನೈದು, ಇಪ್ಪತ್ತು ವರ್ಷ ಬೇಕು. ಯುದ್ಧ ಮುಗಿದಾಗ ನೆಟ್ಟಿದ್ದು ಈಗ ಈಗ ಕೈಗೆ ಬರುತ್ತಿದೆ. ಒಂದು ಸಣ್ಣ ಶೆಡ್‌ನಲ್ಲಿ ಐದಾರು ಅಕ್ಕಂದಿರು ಓಲೆ ಸೀಳಿ ಬುಟ್ಟಿ ಹೆಣೆಯುತ್ತಿದ್ದರು. ಬೆರಳು ಆಡುತ್ತಲೇ ಇತ್ತು, ಮಾತೂ ನಡೆಯುತ್ತಲೇ ಇತ್ತು. ಸಹಕಾರ ಸಂಘದವರು ಬುಟ್ಟಿ ತೆಗೆದುಕೊಳ್ಳುತ್ತಾರೆ, ದುಡ್ಡು ತಡವಾದರೂ ಬರುತ್ತದೆ ಅಂದರು. ಕುದಿಸದೆ ಒಣಗಿಸಿದ ತಾಳೆ ಗೆಡ್ಡೆಗೆ ಇಲ್ಲಿ ಒಡಿಯಲ್ ಅಂತಾರೆ. ಅದನ್ನು ಪುಡಿ ಮಾಡಿ, ಮೀನು, ಏಡಿ, ನುಗ್ಗೆಸೊಪ್ಪು, ಹುಣಸೆ ಎಲ್ಲಾ ಹಾಕಿ ಕೂಳ್ ಅನ್ನೋ ಗಂಜಿ ಕಾಯಿಸುತ್ತಾರೆ. ದಿಗ್ಬಂಧನದ ವರ್ಷಗಳಲ್ಲಿ ಹೊರಗಿನಿಂದ ಅಕ್ಕಿ ಬಾರದಾಗ ಹೊಟ್ಟೆ ತುಂಬಿಸಿದ್ದು ಈ ಮರ ತಂಬಿ ಅಂತ ಒಬ್ಬರು ಹೇಳಿದರು, ಬುಟ್ಟಿಯಿಂದ ತಲೆ ಎತ್ತದೆ.

ಮಂಗಳವಾರ, ಮುಹಮಾಲೈ ಮತ್ತು ಆನೆಯಿರವು

ಇವತ್ತಿನಿಂದ ಜೊತೆಗೆ ಒಬ್ಬ ಆಟೋ ಅಣ್ಣ. ಮೆನಿಕ್ ಫಾರ್ಮ್‌ನಲ್ಲಿ ಒಂದೂವರೆ ವರ್ಷ ಇದ್ದವರು. ದಾರಿಯುದ್ದಕ್ಕೂ ಅದೂ ಇದೂ ಮಾತಾಡಿದರು, ಶಿಬಿರದ ಬಗ್ಗೆ ಮಾತ್ರ ಒಂದೇ ಮಾತು: "ನೀರಿನ ಕ್ಯೂ. ಅದೊಂದೇ ಜ್ಞಾಪಕ ಇರೋದು."

ಮುಹಮಾಲೈ ಜಾಫ್ನಾ ಪರ್ಯಾಯದ್ವೀಪದ ಕುತ್ತಿಗೆಯಂಥ ಜಾಗ. 2000ದಿಂದ 2009ರ ಶುರುವಿನವರೆಗೆ ಎರಡೂ ಸೇನೆ ಎದುರುಬದುರು ಕೂತಿದ್ದು ಇಲ್ಲೇ. ಹಾಗಾಗಿ ಎರಡೂ ಕಡೆಯವರು ನೆಲದ ತುಂಬಾ ನೆಲಬಾಂಬ್ ಹೂತರು. ಸೇನೆ ಹೂತಿದ್ದು ಪಾಕಿಸ್ತಾನದ ಪಿ4, ಚೀನಾದ ಟೈಪ್ 72 ಥರದವು. ಎಲ್‌ಟಿಟಿಇ ತಾನೇ ಮಾಡಿಕೊಂಡಿದ್ದು ಮರದ ಪೆಟ್ಟಿಗೆಯ ಜಾನಿ 95, ಮತ್ತೆ ರಂಗನ್ 99. ಹ್ಯಾಲೊ ಟ್ರಸ್ಟ್ ಅನ್ನುವ ಸಂಸ್ಥೆ 2002ರಿಂದ ಶ್ರೀಲಂಕಾದಲ್ಲಿ ಇವನ್ನು ತೆಗೆಯುತ್ತಿದೆ, ಸ್ಥಳೀಯ ಸಂಸ್ಥೆಗಳಾದ ಡ್ಯಾಶ್, ಶಾರ್ಪ್ ಕೂಡ ಮಾಡುತ್ತಿವೆ. ಮೊದಲೇ ಬರೆದು ಕೇಳಿದ್ದರಿಂದ ದೂರದಿಂದ ನೋಡೋಕೆ ಬಿಟ್ಟರು. ಕೆಲಸ ಮಾಡುವವರ ಎದೆಗೆ ಭಾರದ ಕವಚ, ಮುಖಕ್ಕೆ ಪ್ಲಾಸ್ಟಿಕ್ ಮುಸುಕು, ಯಾರಿಗೆ ಎಂಥ ರಕ್ತದ ಗುಂಪು ಅಂತ ಮೊದಲೇ ಬರೆದುಕೊಂಡರು. ಬೋರ್ಡಿನ ಮೇಲೆ ತಲೆಬುರುಡೆ, ನೆಲದಲ್ಲಿ ತುದಿಗೆ ಕೆಂಪು ಬಳಿದ ಕಡ್ಡಿಗಳ ಸಾಲು.

ಆ ಸಾಲಿನ ನಡುವೆ ಒಬ್ಬ ಹೆಂಗಸು ಮಂಡಿಯೂರಿ ಕೂತಿದ್ದರು. ಕೈಯಲ್ಲಿ ಉದ್ದ ಹಿಡಿಯ ರೇಕ್, ತೋಟದಲ್ಲಿ ತರಗೆಲೆ ಎಳೆಯುತ್ತೀವಲ್ಲ, ಆ ಥರದ್ದೇ. ಮಣ್ಣನ್ನು ಸ್ವಲ್ಪ ಸ್ವಲ್ಪವೇ ತಮ್ಮ ಕಡೆ ಎಳೆಯುತ್ತಾರೆ, ನಿಲ್ಲುತ್ತಾರೆ, ಬಗ್ಗಿ ನೋಡುತ್ತಾರೆ, ಮತ್ತೆ ಎಳೆಯುತ್ತಾರೆ. ಬಿಸಿಲು ಬೆಂಕಿ ಥರ ಸುಡುತ್ತಿತ್ತು. ಹೊರಗೆ ನಿಂತ ನನಗೇ ಬೆವರು ಕಣ್ಣಿಗಿಳಿಯುತ್ತಿತ್ತು, ಮುಸುಕಿನ ಒಳಗೆ ಹೇಗಿರಬೇಡ. ಒಂದು ದಿನಕ್ಕೆ ಒಬ್ಬರು ಮುಗಿಸೋದು ಒಂದು ಸಣ್ಣ ಕೋಣೆಗಿಂತ ಕಡಿಮೆ ಜಾಗ, ಮಣ್ಣು ಗಟ್ಟಿಯಿದ್ದರೆ ಅದೂ ಇಲ್ಲ. ಇಲ್ಲಿ ಈ ಕೆಲಸ ಮಾಡುವವರಲ್ಲಿ ಹೆಂಗಸರೇ ತುಂಬಾ ಜನ, ಅವರಲ್ಲಿ ಗಂಡನನ್ನು ಯುದ್ಧದಲ್ಲಿ ಕಳೆದುಕೊಂಡವರು ಎಷ್ಟೋ. ಬಿಡುವಿನಲ್ಲಿ ನೆರಳಿಗೆ ಬಂದಾಗ ಆ ಅಕ್ಕನನ್ನು, ಭಯ ಆಗಲ್ವಾ ಅಂತ ಕೇಳಿದೆ. "ಮೊದಲು ಆಗ್ತಿತ್ತು. ಈಗ ಕಾಂಟ್ರಾಕ್ಟ್ ಮುಗಿದರೆ ಏನು ಮಾಡೋದು ಅನ್ನೋದೇ ಭಯ" ಅಂದರು. ಇಬ್ಬರು ಮಕ್ಕಳ ಓದು ಇದೇ ಸಂಬಳದಲ್ಲಿ ನಡೀತಿದೆ. ಅವರು ತೆರವು ಮಾಡಿದ ಮೊದಲ ತುಂಡು ನೆಲದಲ್ಲಿ ಈಗ ಯಾರೋ ತೆಂಗಿನ ಸಸಿ ಹಾಕಿದ್ದಾರಂತೆ. ದಿನಾ ಬಸ್ಸಲ್ಲಿ ಅದನ್ನು ನೋಡಿಕೊಂಡೇ ಬರುತ್ತಾರೆ.

ಶ್ರೀಲಂಕಾ 2017ರಲ್ಲಿ ನೆಲಬಾಂಬ್ ನಿಷೇಧದ ಒಟ್ಟಾವ ಒಪ್ಪಂದಕ್ಕೆ ಸೇರಿತು. ಪೂರ್ತಿ ತೆರವಿಗೆ 2028ರ ಗುರಿ ಇಟ್ಟುಕೊಂಡಿದ್ದಾರೆ. ಶಾಂತಿ ಅಂದ್ರೆ ನಾವು ಮಾತುಕತೆ, ಒಪ್ಪಂದ ಅಂತ ಯೋಚಿಸ್ತೀವಿ. ಇಲ್ಲಿ ಅದು ಹೀಗೆ ಮಣ್ಣು ಎಳೆದು ಎಳೆದು ಬರಬೇಕು. ಆ ನೆಲದಲ್ಲಿ ಕಾಲಿಡೋಕೆ ಆಗದ ಹೊರತು ಬಿತ್ತೋದು ಎಲ್ಲಿಂದ?

ಸಂಜೆ ಆನೆಯಿರವು ದಾಟಿದೆವು. ಎಲಿಫೆಂಟ್ ಪಾಸ್ ಅಂತಾರಲ್ಲ, ಜಾಫ್ನಾ ಪರ್ಯಾಯದ್ವೀಪವನ್ನು ಉಳಿದ ನೆಲಕ್ಕೆ ಸೇರಿಸುವ ಸಣ್ಣ ಪಟ್ಟಿ, ಅದೇ ಇದು. ಎರಡೂ ಕಡೆ ಉಪ್ಪುನೀರು, ಉಪ್ಪಿನ ಮಡಿಗಳು. ಯುದ್ಧಕ್ಕೆ ಮುಂಚೆ ಇಲ್ಲಿನ ಉಪ್ಪಿಗೆ ದೊಡ್ಡ ಹೆಸರು, ಈಗ ಮತ್ತೆ ತೆಗೆಯುತ್ತಿದ್ದಾರೆ. ರಸ್ತೆ ಬದಿಯಲ್ಲಿ 1991ರ ಕದನದ ಸ್ಮಾರಕ, ಎಲ್‌ಟಿಟಿಇ ಕಬ್ಬಿಣದ ಹೊದಿಕೆ ಹಾಕಿ ನುಗ್ಗಿಸಿದ ಬುಲ್ಡೋಜರ್. ಅದನ್ನು ತಡೆಯೋಕೆ ಹೋಗಿ ಸತ್ತ ಸೈನಿಕನ ನೆನಪಿಗೆ ಇಟ್ಟಿದ್ದು. ದಕ್ಷಿಣದಿಂದ ಬಸ್ಸುಗಳಲ್ಲಿ ಬಂದ ಸಿಂಹಳ ಕುಟುಂಬಗಳು ಅಲ್ಲಿ ಹೂ ಇಟ್ಟು ಕೈ ಮುಗಿಯುತ್ತಿದ್ದವು. ಅವರ ಮಗನೂ ಯಾರದೋ ಮಗನೇ, ಅವರ ದುಃಖ ನಿಜ. ಆದರೆ ಇತ್ತ ಕಡೆಯ, ಅಂದ್ರೆ ಎಲ್‌ಟಿಟಿಇಯ, ಹುಡುಗರನ್ನು ಹೂತ ಸಮಾಧಿಗಳನ್ನು ಯುದ್ಧ ಮುಗಿದ ಮೇಲೆ ನೆಲಸಮ ಮಾಡಿದರು. ತಾಯಂದಿರು ಈಗಲೂ ನವೆಂಬರ್ 27ಕ್ಕೆ, ಸತ್ತ ಹೋರಾಟಗಾರರನ್ನು ನೆನೆಯುವ ದಿನ, ಆ ಜಾಗಗಳಲ್ಲಿ ಪುಡಿಯಾದ ಕಲ್ಲುಗಳನ್ನು ಒಟ್ಟುಮಾಡಿ ದೀಪ ಹಚ್ಚುತ್ತಾರೆ. ಒಂದು ಕಡೆಯವರಿಗೆ ಮಾತ್ರ ಅಳೋಕೆ ಜಾಗ ಇರೋದು ಸರಿಯಲ್ಲ.

ಬುಧವಾರ, ಕಿಲಿನೊಚ್ಚಿ

ಕಿಲಿನೊಚ್ಚಿ ಎ9 ಹೆದ್ದಾರಿಯ ಮೇಲಿನ ಊರು. ಎಲ್‌ಟಿಟಿಇಯ ಆಡಳಿತದ ರಾಜಧಾನಿಯಾಗಿತ್ತು. 2009ರ ಜನವರಿಯಲ್ಲಿ ಸೇನೆ ಹಿಡಿಯಿತು. ಬಿಟ್ಟು ಹೋಗುವಾಗ ಉರುಳಿಸಿದ ನೀರಿನ ಟ್ಯಾಂಕ್ ರಸ್ತೆ ಬದಿಯಲ್ಲೇ ಮಲಗಿತ್ತು, ಪ್ರವಾಸಿಗಳು ಫೋಟೋ ತೆಗೆಸಿಕೊಳ್ಳುವ ಜಾಗ ಆಗಿತ್ತು. ನಾನು ಅಲ್ಲಿ ಜಾಸ್ತಿ ಹೊತ್ತು ನಿಲ್ಲಲಿಲ್ಲ.

ನಿಂತಿದ್ದು ಕಂದಸ್ವಾಮಿ ಕೋವಿಲ್ ಹತ್ತಿರ. 2017ರ ಫೆಬ್ರುವರಿ 20ರಂದು ಕಾಣೆಯಾದವರ ಮನೆಯವರು ಇಲ್ಲಿ ಧರಣಿ ಕೂತರು. ಯುದ್ಧದ ಕೊನೆಗೆ ಸೇನೆಗೆ ಶರಣಾದ, ತಾವೇ ಕೈ ಹಿಡಿದು ಒಪ್ಪಿಸಿದ ಮಕ್ಕಳು ಎಲ್ಲಿ ಅನ್ನೋದು ಅವರ ಪ್ರಶ್ನೆ. ಕಾಣೆಯಾದವರ ಕಚೇರಿಗೆ 2016ರಲ್ಲಿ ಕಾನೂನು ಆಯಿತು, 2018ರಲ್ಲಿ ಕೆಲಸ ಶುರುವಾಯಿತು. ಅರ್ಜಿ ಹಾಕಿದ್ದಾರೆ, ಸಾಕ್ಷಿ ಹೇಳಿದ್ದಾರೆ, ಮತ್ತೆ ಮತ್ತೆ ಹೇಳಿದ್ದಾರೆ. ಉತ್ತರ ಬಂದಿಲ್ಲ. ಧರಣಿ ಕೂತವರಲ್ಲಿ ಎಷ್ಟೋ ಜನ ಅಷ್ಟರಲ್ಲೇ ತೀರಿಕೊಂಡಿದ್ದಾರೆ.

ಒಬ್ಬ ಅಮ್ಮ ಲ್ಯಾಮಿನೇಟ್ ಮಾಡಿಸಿದ ಫೋಟೋ ತೋರಿಸಿದರು. ಮಗ, ಶಾಲೆಯ ಯೂನಿಫಾರ್ಮಿನಲ್ಲಿ. ಫೋಟೋದ ಒಂದು ಮೂಲೆ ಬೆಳ್ಳಗಾಗಿತ್ತು. ಹೆಬ್ಬೆರಳು ಇಟ್ಟು ಹಿಡಿದೂ ಹಿಡಿದೂ ಸವೆದ ಜಾಗ ಅದು. ದುಡ್ಡು ಕೊಡ್ತೀವಿ, ಪ್ರಮಾಣಪತ್ರ ಕೊಡ್ತೀವಿ ಅಂತಾರೆ ತಂಬಿ, ನಾನು ದುಡ್ಡು ಕೇಳಿದ್ನಾ ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಅವರೂ ಕಾಯಲಿಲ್ಲ, ಊಟ ಆಯ್ತಾ ಅಂತ ಕೇಳಿದರು.

ಮಧ್ಯಾಹ್ನ ಇರಣಮಡು ಕೆರೆ. ಕೆರೆ ಅನ್ನೋಕೆ ಬಾಯಿ ಬರಲ್ಲ, ಅಷ್ಟು ದೊಡ್ಡದು. ಏರಿಯ ಮೇಲೆ ನಿಂತರೆ ಆಚೆ ದಡ ಮಸುಕು. 20ನೇ ಶತಮಾನದ ಶುರುವಿನಲ್ಲಿ ಕಟ್ಟಿದ್ದು. ಕಿಲಿನೊಚ್ಚಿಯ ಭತ್ತ ಬಹುಪಾಲು ಇದರ ಮೇಲೇ ನಿಂತಿದೆ. ಮಳೆಗಾಲದ ಬೆಳೆಗೆ ಮಹಾ, ಬೇಸಿಗೆಯದಕ್ಕೆ ಯಾಲ ಅಂತಾರೆ, ತಮಿಳಿನಲ್ಲಿ ಕಾಲಪೋಗಂ, ಸಿರುಪೋಗಂ. ಈಗ ಸಿರುಪೋಗದ ಪೈರು ಒಂದು ಗೇಣು ಎದ್ದಿತ್ತು. ಕೆರೆಯಲ್ಲಿ ಎಷ್ಟು ನೀರಿದೆ ಅಂತ ನೋಡಿ, ಈ ಸಲ ಎಷ್ಟು ಎಕರೆ ಬಿತ್ತಬಹುದು ಅಂತ ರೈತರ ಸಭೆಯಲ್ಲಿ ತೀರ್ಮಾನ ಮಾಡುತ್ತಾರೆ. ನೀರು ಕಡಿಮೆ ಇದ್ದರೆ ಎಲ್ಲರೂ ಗದ್ದೆಯನ್ನು ಕಡಿಮೆ ಮಾಡಿಕೊಳ್ಳಬೇಕು, ಒಬ್ಬರು ಪೂರ್ತಿ ಬಿತ್ತಿ ಇನ್ನೊಬ್ಬರು ಸುಮ್ನೆ ಕೂರುವ ಹಾಗಿಲ್ಲ. ಈ ಸಭೆಯ ಬಗ್ಗೆ ಹೇಳುವಾಗ ಅಲ್ಲಿನ ಹಿರಿಯರ ದನಿಯಲ್ಲಿ ಒಂಥರಾ ಹೆಮ್ಮೆ ಇತ್ತು. ಈ ನೀರನ್ನು ಜಾಫ್ನಾಗೆ ಕುಡಿಯೋಕೆ ಒಯ್ಯುವ ಯೋಜನೆ ಬಂದಾಗ ಇದೇ ರೈತರು ಬೇಡ ಅಂದರು. ಕೊನೆಗೆ ಜಾಫ್ನಾಗೆ ತಾಳೈಯಡಿಯಲ್ಲಿ ಸಮುದ್ರದ ನೀರನ್ನೇ ಸಿಹಿ ಮಾಡುವ ಘಟಕ ಕಟ್ಟಿದರು. ಜಗಳ ಆಗಿದ್ದು ನಿಜ, ಆದರೆ ಜಗಳವನ್ನು ಸಭೆಯಲ್ಲಿ ಆಡಿ ಮುಗಿಸಿದ್ದೂ ನಿಜ. ಇದು ಸಣ್ಣ ವಿಷಯ ಅಲ್ಲ.

ಸಂಜೆ ಒಂದು ಹಳ್ಳಿಯಲ್ಲಿ ಹೆಂಗಸರ ಉಳಿತಾಯ ಗುಂಪಿನ ಸಭೆಗೆ ಕರೆದರು. ಬೇವಿನ ಮರದ ಕೆಳಗೆ ಚಾಪೆ. ಇಲ್ಲಿ ಕೇಳಿದ ಕಥೆ ಎಲ್ಲಕ್ಕಿಂತ ಜಾಸ್ತಿ ಕಾಡಿತು. ಭಾರತ ಉತ್ತರ ಮತ್ತು ಪೂರ್ವದಲ್ಲಿ 46,000 ಮನೆ ಕಟ್ಟಿಸಿಕೊಟ್ಟಿದೆ. ಮನೆಗೆ 5.5 ಲಕ್ಷ ಶ್ರೀಲಂಕಾ ರೂಪಾಯಿ, ಕಂತಿನಲ್ಲಿ, ಕಟ್ಟಿಸುವುದು ಮನೆಯವರೇ. ಒಳ್ಳೆಯ ಕೆಲಸ. ಆದರೆ ಸಿಮೆಂಟ್, ಮರಳಿನ ಬೆಲೆ ಏರಿ ದುಡ್ಡು ಸಾಲಲಿಲ್ಲ. ಅದೇ ಹೊತ್ತಿಗೆ ಮನೆ ಬಾಗಿಲಿಗೆ ಕಿರುಸಾಲದ ಕಂಪನಿಗಳು ಬಂದವು. ಅಡವು ಬೇಡ, ಸಹಿ ಸಾಕು. ವಾರ ವಾರ ಕಂತು. ಮಳೆ ಕೈಕೊಟ್ಟ ವರ್ಷ ಒಂದು ಸಾಲ ತೀರಿಸೋಕೆ ಇನ್ನೊಂದು, ಅದಕ್ಕೆ ಮತ್ತೊಂದು. ವಸೂಲಿಗೆ ಬಂದವನು ರಾತ್ರಿ ಎಂಟಾದರೂ ಅಂಗಳ ಬಿಟ್ಟು ಹೋಗುತ್ತಿರಲಿಲ್ಲ, ಗಂಡಸಿಲ್ಲದ ಮನೆ ನೋಡಿ ಎಂಥೆಂಥದೋ ಮಾತಾಡುತ್ತಿದ್ದ ಅಂತ ಒಬ್ಬರು ಹೇಳುವಾಗ ಉಳಿದವರು ನೆಲ ನೋಡುತ್ತಿದ್ದರು. ಶೆಲ್ಲಿಂಗ್‌ನಲ್ಲಿ ಸಾಯದವರು ಸಾಲಕ್ಕೆ ಹೆದರಿ ಸತ್ತರು ಅಂದರು. 2018ರಲ್ಲಿ ಸರ್ಕಾರ ಬರಪೀಡಿತ ಜಿಲ್ಲೆಗಳ ಹೆಂಗಸರ ಒಂದು ಲಕ್ಷದವರೆಗಿನ ಸಾಲಕ್ಕೆ ಪರಿಹಾರ ಕೊಟ್ಟಿತು. ಕೆಲವರಿಗೆ ಸಿಕ್ಕಿತು, ಕೆಲವರಿಗೆ ಇಲ್ಲ.

ಈಗ ಈ ಗುಂಪು ಮಾಡುವುದು ಇಷ್ಟು: ವಾರಕ್ಕೆ ತಮ್ಮ ಕೈಲಾದಷ್ಟು ಹಾಕುತ್ತಾರೆ, ಅದರಿಂದಲೇ ಸಾಲ, ಬಡ್ಡಿ ಮತ್ತೆ ಗುಂಪಿಗೇ. ಯಾರಿಗೆ ಯಾವಾಗ ಅನ್ನೋದನ್ನು ಎಲ್ಲರೂ ಸೇರಿ ಹೇಳುತ್ತಾರೆ. ನಾನು ಕೂತಿದ್ದಾಗಲೇ ಒಂದು ಚರ್ಚೆ ಆಯಿತು. ಒಬ್ಬರಿಗೆ ಹಸು ಕೊಳ್ಳೋಕೆ ಸಾಲ ಬೇಕು, ಇನ್ನೊಬ್ಬರಿಗೆ ಮಗಳ ದೊಡ್ಡವಳಾದ ಶಾಸ್ತ್ರಕ್ಕೆ. ಅರ್ಧ ಗಂಟೆ ವಾದ. ಕೊನೆಗೆ ಹಸು ಮೊದಲು, ಶಾಸ್ತ್ರಕ್ಕೆ ಎಲ್ಲರೂ ಸೇರಿ ಅಡುಗೆ ಮಾಡಿಕೊಡೋದು ಅಂತ ಆಯಿತು. ಪುಸ್ತಕದಲ್ಲಿ ಬರೆದು ಸಹಿ ಹಾಕಿದರು. ಸಹಿ ಬಾರದ ಒಬ್ಬ ಅಜ್ಜಿ ಹೆಬ್ಬೆಟ್ಟು ಒತ್ತಿ, ಮಸಿಯನ್ನು ಬೇವಿನ ಮರಕ್ಕೆ ಒರೆಸಿದರು. ಆ ಮರದ ಕಾಂಡದ ಒಂದು ಕಡೆ ಪೂರ್ತಿ ನೀಲಿ ಆಗಿತ್ತು.

ಗುರುವಾರ, ಮುಲ್ಲೈತೀವು

ಮೇ 12ರಿಂದ 18ರವರೆಗಿನ ವಾರದಲ್ಲಿ ಈ ಕಡೆ ದೇವಸ್ಥಾನದ ಮುಂದೆ, ಸರ್ಕಲ್‌ಗಳಲ್ಲಿ ಗಂಜಿ ಹಂಚುತ್ತಾರೆ. ಮುಳ್ಳಿವಾಯ್ಕಾಲ್ ಗಂಜಿ. 2009ರಲ್ಲಿ ಯುದ್ಧದ ಕೊನೆಗೆ ಸಮುದ್ರ ಮತ್ತು ನಂದಿಕ್ಕಡಲ್ ಹಿನ್ನೀರಿನ ನಡುವಿನ ಮುಳ್ಳಿವಾಯ್ಕಾಲ್ ಅನ್ನೋ ಸಣ್ಣ ಪಟ್ಟಿಯಲ್ಲಿ ಲಕ್ಷಾಂತರ ಜನ ಸಿಕ್ಕಿಕೊಂಡಾಗ ತಿನ್ನೋಕೆ ಇದ್ದದ್ದು ಇದೊಂದೇ. ಅಕ್ಕಿ, ನೀರು, ಉಪ್ಪು. ಗಂಜಿಯ ಸಾಲಿನಲ್ಲಿ ನಿಂತವರ ಮೇಲೆ ಶೆಲ್ ಬಿದ್ದ ಕಥೆ ಇಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ನನಗೂ ತೆಂಗಿನ ಕರಟದಲ್ಲಿ ಕೊಟ್ಟರು. ತೆಳ್ಳಗೆ, ಬಿಸಿ, ಅಗುಳು ಕಡಿಮೆ, ತೆಂಗಿನ ಹಾಲೂ ಇಲ್ಲ. ಬೇಕು ಅಂತಲೇ ಹಾಗೆ ಮಾಡುತ್ತಾರೆ, ರುಚಿಗೆ ಅಂತ ಏನೂ ಸೇರಿಸಲ್ಲ. ಆಗ ಹುಟ್ಟೇ ಇರದಿದ್ದ ಮಕ್ಕಳು ಕುಡಿದು ಮುಖ ಸಿಂಡರಿಸಿದರು. ಅಮ್ಮಂದಿರು ಬೈಯಲಿಲ್ಲ, ಯಾಕೆ ಹೀಗಿದೆ ಅಂತ ಹೇಳಿದರು. 2024ರ ಮೇ ತಿಂಗಳಲ್ಲಿ ಪೂರ್ವದ ಟ್ರಿಂಕೋಮಲಿ ಜಿಲ್ಲೆಯಲ್ಲಿ ಈ ಗಂಜಿ ಹಂಚಿದ್ದಕ್ಕೆ ಹೆಂಗಸರನ್ನು ಪೊಲೀಸರು ಬಂಧಿಸಿದ್ದರು. ಉಪ್ಪು ಹಾಕಿದ ಗಂಜಿಗೆ ಹೆದರುವ ಸರ್ಕಾರ ಸಾಮರಸ್ಯದ ಬಗ್ಗೆ ಮಾತಾಡಿದರೆ ಜನ ಹೇಗೆ ನಂಬಬೇಕು?

ಮುಳ್ಳಿವಾಯ್ಕಾಲ್ ಸ್ಮಾರಕದ ಹತ್ತಿರ ಮೇ 18ರ ನೆನಪಿನ ದಿನದ ತಯಾರಿ ನಡೆಯುತ್ತಿತ್ತು, ಹುಡುಗರು ಕಳೆ ಕೀಳುತ್ತಿದ್ದರು. ಅಲ್ಲಿಂದ ಕೇಪ್ಪಾಪುಲವಿಗೆ ಹೋದೆವು. ಶಿಬಿರದಿಂದ ವಾಪಸ್ ಬಂದವರಿಗೆ ಊರು ಸಿಗಲಿಲ್ಲ, ಊರೊಳಗೆ ಸೇನೆಯ ಕ್ಯಾಂಪ್ ಇತ್ತು. 2017ರಲ್ಲಿ ಇಲ್ಲಿನ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಕ್ಯಾಂಪಿನ ಗೇಟಿನ ಮುಂದೆ ಹಗಲು ರಾತ್ರಿ ಕೂತರು. ಕೆಲವು ಭಾಗ ಬಿಟ್ಟುಕೊಟ್ಟರು, ಇನ್ನು ಕೆಲವಕ್ಕೆ ವರ್ಷಗಟ್ಟಲೆ ಹೋರಾಟ. ನೆಲ ಸಿಕ್ಕ ಒಂದು ಮನೆಯಲ್ಲಿ ಟೀ ಕುಡಿದೆವು. ಅಂಗಳದಲ್ಲಿ ಕಡಲೆಕಾಯಿ ಒಣಗಿಸಿದ್ದರು, ಕೋಳಿಗಳನ್ನು ಓಡಿಸೋದೇ ಮೊಮ್ಮಗನ ಕೆಲಸ. ಅಕ್ಕ ಒಂದು ಮಾತು ಹೇಳಿದರು: "ಎನ್‌ಜಿಒದವರು ಬಂದು ಏನು ಬೇಕು ಅಂತ ಕೇಳ್ತಾರೆ. ಹೊಲಿಗೆ ಮಷೀನ್ ಬೇಕಾ, ಕೋಳಿ ಬೇಕಾ ಅಂತ. ನಮ್ಮ ಬಾವಿ ನಮಗೆ ಕೊಡಿಸಿ, ಕೋಳಿ ನಾವೇ ತಗೋತೀವಿ ಅಂದೆ." ಇಡೀ ಪ್ರವಾಸದಲ್ಲಿ ನನಗೆ ಅರ್ಥವಾದ ದೊಡ್ಡ ವಿಷಯ ಇದೇ. ನೆಲ, ನೀರು, ಕಡಲು ಕೈಗೆ ಬಂದ ಕಡೆ ಜನ ಯಾರನ್ನೂ ಕಾಯುತ್ತಾ ಕೂತಿಲ್ಲ.

ಶುಕ್ರವಾರ, ಇರಣೈಮಾತಾ ನಗರ

ಪಶ್ಚಿಮ ಕರಾವಳಿ. ಎದುರಿಗೆ ಕಡಲಲ್ಲಿ ಇರಣೈತೀವು ಅನ್ನೋ ಜೋಡಿ ದ್ವೀಪ. 1992ರಲ್ಲಿ ಅಲ್ಲಿಯ ಜನ ಯುದ್ಧಕ್ಕೆ ಹೆದರಿ ದಡಕ್ಕೆ ಬಂದರು. ಯುದ್ಧ ಮುಗಿದರೂ ನೌಕಾಪಡೆ ದ್ವೀಪದಲ್ಲಿ ಉಳಿಯೋಕೆ ಬಿಡಲಿಲ್ಲ. 2017ರ ಮೇ 1ರಿಂದ ಹೆಂಗಸರೇ ಮುಂದೆ ನಿಂತು ಧರಣಿ ಮಾಡಿದರು. ಸುಮಾರು ಒಂದು ವರ್ಷ ಕಾದರು, ಏನೂ ಆಗಲಿಲ್ಲ. 2018ರ ಏಪ್ರಿಲ್ 23ರಂದು ದೋಣಿಗಳಿಗೆ ಬಿಳಿ ಬಾವುಟ ಕಟ್ಟಿಕೊಂಡು, ಯಾರ ಅಪ್ಪಣೆಯನ್ನೂ ಕೇಳದೆ, ಸೀದಾ ದ್ವೀಪಕ್ಕೆ ಹೋದರು. ನೇರ ಹೋಗಿ ಇಗರ್ಜಿಯಲ್ಲಿ ಪ್ರಾರ್ಥನೆ ಮಾಡಿ ಅಲ್ಲೇ ಉಳಿದರು. ಕೆಲವೇ ವಾರದಲ್ಲಿ ಸರ್ಕಾರ ಒಪ್ಪಿಕೊಂಡಿತು.

ಆ ದೋಣಿಯಲ್ಲಿದ್ದ ಒಬ್ಬ ಅಕ್ಕ ದಡದಲ್ಲಿ ಏಡಿ ಬಿಡಿಸುತ್ತಾ ಈ ಕಥೆ ಹೇಳಿದರು. ಬಲೆಗೆ ಸಿಕ್ಕ ನೀಲಿ ಏಡಿಯ ಕಾಲು ಮುರಿಯದ ಹಾಗೆ ಬಿಡಿಸಬೇಕು, ಕಾಲು ಮುರಿದರೆ ಬೆಲೆ ಬೀಳುತ್ತದೆ. ಅವರು ನನ್ನ ಮುಖ ನೋಡಿಕೊಂಡೇ ಬೆರಳಲ್ಲೇ ಗಂಟು ಹುಡುಕಿ ಬಿಡಿಸುತ್ತಿದ್ದರು. ದ್ವೀಪದಲ್ಲಿ ಹೆಂಗಸರು ಮೊಣಕಾಲುದ್ದ ನೀರಿನಲ್ಲಿ ನಡೆದೇ ಕಡಲಸೌತೆ (ಸೀ ಕುಕುಂಬರ್ ಅನ್ನೋ ಕಡಲ ಜೀವಿ) ಹಿಡಿಯಬಹುದು, ದೋಣಿ ಬೇಡ, ಡೀಸೆಲ್ ಬೇಡ. ಗಂಡನಿಲ್ಲದವಳೂ ಸಂಪಾದಿಸಬಹುದು. ಅದಕ್ಕೇ ನಮಗೆ ದ್ವೀಪವೇ ಬೇಕಿತ್ತು ಅಂದರು. ಹೋರಾಟದಲ್ಲಿ ಹೆಂಗಸರೇ ಯಾಕೆ ಮುಂದೆ ಇದ್ದರು ಅಂತ ಆಗ ತಿಳಿಯಿತು. 2021ರಲ್ಲಿ ಕೋವಿಡ್‌ನಲ್ಲಿ ತೀರಿಕೊಂಡ ಮುಸ್ಲಿಮರನ್ನೂ ಕ್ರೈಸ್ತರನ್ನೂ ಹೂಳೋಕೆ ಸರ್ಕಾರ ಇದೇ ದ್ವೀಪವನ್ನು ಆರಿಸಿದಾಗ ಮತ್ತೆ ಎದ್ದು ನಿಂತರು, ಆ ಯೋಜನೆಯೂ ನಿಂತಿತು. ಶಾಲೆ, ಆಸ್ಪತ್ರೆ ಸರಿಯಾಗಿಲ್ಲ, ಹಾಗಾಗಿ ಮಕ್ಕಳು ದಡದಲ್ಲಿ, ದುಡಿಮೆ ದ್ವೀಪದಲ್ಲಿ.

ಶನಿವಾರ, ಮಯಿಲಿಟ್ಟಿ

ಮತ್ತೆ ಜಾಫ್ನಾ, ಉತ್ತರದ ತುದಿ. ಯುದ್ಧಕ್ಕೆ ಮುಂಚೆ ಮಯಿಲಿಟ್ಟಿ ಶ್ರೀಲಂಕಾದ ದೊಡ್ಡ ಮೀನುಗಾರಿಕೆ ಬಂದರುಗಳಲ್ಲಿ ಒಂದು. 1990ರಲ್ಲಿ ಜನ ಬಿಟ್ಟು ಓಡಿದರು, ಆಮೇಲೆ ಇಡೀ ಪ್ರದೇಶ ಸೇನೆಯ ಭದ್ರತಾ ವಲಯ. 2017ರ ಜುಲೈನಲ್ಲಿ ಬಂದರನ್ನು ಬಿಟ್ಟುಕೊಟ್ಟರು. 27 ವರ್ಷ ಆದಮೇಲೆ.

ಬರುವ ದಾರಿಯಲ್ಲಿ ಆಟೋ ಅಣ್ಣ ಮಲ್ಲಾಕಂ ಕಡೆ ನಿಲ್ಲಿಸಿ, ಇಲ್ಲಿ ದಶಕಗಟ್ಟಲೆ ಶಿಬಿರದಲ್ಲೇ ಇದ್ದವರ ಬಗ್ಗೆ ಹೇಳಿದರು. ಭೂಮಿ ಬಿಟ್ಟುಕೊಟ್ಟಾಗ ಭೂಮಿ ಇದ್ದವರು ಹೋದರು. ಉಳಿದವರು ಯಾರು ಅಂದ್ರೆ ಮೊದಲಿನಿಂದಲೂ ಸ್ವಂತ ಜಾಗ ಇಲ್ಲದವರು, ಬೇರೆಯವರ ಬಾವಿ ಮುಟ್ಟೋಕೆ ಬಿಡದ ಜಾತಿಗಳವರು. ಶೆಲ್ ಬೀಳುವಾಗ ಒಂದೇ ಬಂಕರಿನಲ್ಲಿ ಕೂತಿದ್ದರು, ಶಾಂತಿ ಬಂದಮೇಲೆ ಬಾವಿ ಮತ್ತೆ ಬೇರೆಯಾಯಿತು. ಇದನ್ನು ಜಾಫ್ನಾದ ದೊಡ್ಡವರು ಯಾರೂ ತಾವಾಗಿ ಹೇಳಲಿಲ್ಲ, ಹೇಳಿದ್ದು ಆಟೋ ಅಣ್ಣನೇ. ಸೇನೆಯಿಂದ ನೆಲ ವಾಪಸ್ ಪಡೆಯೋದು ಅರ್ಧ ಕೆಲಸ, ನೆಲವೇ ಇಲ್ಲದವರಿಗೆ ಒಂದು ತುಂಡು ಕೊಡೋದು ಇನ್ನರ್ಧ. ಅದು ಶುರುವೇ ಆದ ಹಾಗಿಲ್ಲ.

ಬಂದರಿನಲ್ಲಿ ಬೆಳಿಗ್ಗೆ ಭರ್ಜರಿ ಗಲಾಟೆ. ಫೈಬರ್ ದೋಣಿಗಳಿಂದ ಮೀನು ಇಳಿಯುತ್ತಿತ್ತು, ಹರಾಜು ಕೂಗು. ಒಂದು ಪಕ್ಕ ತುಕ್ಕು ಹಿಡಿದ, ಅರ್ಧ ಮುಳುಗಿದ ಟ್ರಾಲರ್‌ಗಳು ನಿಂತಿದ್ದವು. ಅವು ತಮಿಳುನಾಡಿನವು, ಗಡಿ ದಾಟಿ ಬಂದಾಗ ಶ್ರೀಲಂಕಾ ನೌಕಾಪಡೆ ಹಿಡಿದು ಇಲ್ಲಿ ಕಟ್ಟಿಹಾಕಿದ್ದು. ನಮ್ಮ ಪತ್ರಿಕೆಗಳಲ್ಲಿ ಮೀನುಗಾರರ ಬಂಧನದ ಸುದ್ದಿ ಬರುತ್ತದೆ, ಅವರ ಕಷ್ಟವೂ ಕಷ್ಟವೇ, ಸಾಲ ಮಾಡಿ ದೋಣಿಗೆ ಹೋಗುವ ಕೂಲಿಗಳು ಅವರು. ಆದರೆ ಈಚೆ ದಡದ ಕಥೆ ನಮಗೆ ಬರೋದೇ ಇಲ್ಲ. ಟ್ರಾಲರ್‌ನ ಬಲೆ ಸಮುದ್ರದ ತಳವನ್ನೇ ಗುಡಿಸಿಕೊಂಡು ಹೋಗುತ್ತದೆ, ಜೊತೆಗೆ ಇವರು ಹಾಕಿದ ಬಲೆಗಳನ್ನೂ ಹರಿದುಕೊಂಡು ಹೋಗುತ್ತದೆ. ಹಾಗೆ ತಳ ಗುಡಿಸುವುದನ್ನು ಶ್ರೀಲಂಕಾ 2017ರಲ್ಲಿ ಕಾನೂನು ಮಾಡಿ ನಿಷೇಧಿಸಿದೆ. ಸೇನೆಯಿಂದ ಬಂದರು ವಾಪಸ್ ಪಡೆದ ಜನ ಈಗ ಕಡಲನ್ನು ನಮ್ಮವರಿಂದ ವಾಪಸ್ ಕೇಳುತ್ತಿದ್ದಾರೆ. ಅವರೂ ತಮಿಳರು, ಇವರೂ ತಮಿಳರು.

ಒಬ್ಬ ಐಯಾ ಹರಿದ ಬಲೆ ಹೊಲಿಯುತ್ತಿದ್ದರು. ಎರಡು ತಿಂಗಳ ಹಿಂದೆ ಒಂದೇ ರಾತ್ರಿಯಲ್ಲಿ ಹೋದ ಬಲೆಯಲ್ಲಿ ಉಳಿದ ತುಂಡು ಅದು. ಸಹಕಾರ ಸಂಘದಿಂದ ಸಾಲ ತೆಗೆದು ಹೊಸ ಬಲೆ ಕೊಂಡಿದ್ದಾರೆ, ಕಂತು ಮೀನಿನ ದುಡ್ಡಿನಲ್ಲೇ ಮುರಿದುಕೊಳ್ಳುತ್ತಾರೆ. ಟ್ರಾಲರ್‌ಗಳು ಬರೋದು ಸೋಮವಾರ, ಬುಧವಾರ, ಶನಿವಾರ. ಆ ರಾತ್ರಿಗಳಲ್ಲಿ ಇಲ್ಲಿನವರು ಬಲೆ ಬಿಡೋಕೆ ಹೆದರುತ್ತಾರೆ. ಇವತ್ತು ಶನಿವಾರ ಅಲ್ವಾ, ಸಂಜೆ ಹೋಗಲ್ವಾ ಅಂತ ಕೇಳಿದೆ. ಹೋಗ್ತೀವಿ ಅಂದರು, ಮುಖ ಅರಳಿತು. ಏಪ್ರಿಲ್ 15ರಿಂದ ಜೂನ್ 14ರವರೆಗೆ ತಮಿಳುನಾಡಿನಲ್ಲಿ ಮೀನುಗಾರಿಕೆಗೆ ರಜೆ, ಮರಿ ಹಾಕುವ ಕಾಲ ಅಂತ ಟ್ರಾಲರ್ ಬಿಡಲ್ಲ. ಈ ಎರಡು ತಿಂಗಳಲ್ಲೇ ಮನೆ ರಿಪೇರಿ, ಮಕ್ಕಳ ಫೀಸು, ಅಂಗಡಿ ಬಾಕಿ ಎಲ್ಲಾ ಮುಗಿಸಿಕೊಳ್ಳಬೇಕು.

ಜೂನ್ 15ರ ಮೇಲೆ ಅಂದೆ. "ವಾರಕ್ಕೆ ನಾಲ್ಕು ರಾತ್ರಿ" ಅಂದರು, ಮತ್ತೆ ಬಲೆಯ ಕಡೆ ತಿರುಗಿದರು.